ಅಕ್ಕ, ಮನೇಲಿ ಹೇಳ್ಬೇಡಿ

ಚನ್ನಪಟ್ಟಣದ ಕುಶಲಕರ್ಮಿಯು ಆಲೆಮರದ ತುಂಡೊಂದನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯ ಮೊನೆಯಿಂದ ಅದಕ್ಕೆ ದುಂಡನೆಯ ಆಕಾರವನ್ನು ಕೊಟ್ಟು, ಗಿರ್ರನೆ ತಿರುಗುತ್ತಿರುವ ಆ ಮರದ ಮೈಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಘರ್ಷಣೆಯ ಶಾಖದಿಂದಲೇ ಅರಗು ಕರಗಿ ಹರಡುವಂತೆ ಮಾಡಿ, ಕಟ್ಟಕಡೆಗೆ ತಾಳೆಗರಿಯಿಂದ ತಿಕ್ಕಿ ಹೊಳಪು ಬರಿಸುವಾಗ, ಈ ವಸ್ತು ಮಗುವಿನ ಕೈಯಿಂದ ನೇರವಾಗಿ ಅದರ ಬಾಯಿಗೆ ಹೋಗತಕ್ಕದ್ದು ಎಂಬ ತಿಳಿವಳಿಕೆ ಅವನ ಬೆರಳುಗಳಲ್ಲಿಯೇ ನೆಲಸಿರುತ್ತದೆ. ಚೂಪಾದ ಅಂಚನ್ನು ಅವನು ಉಳಿಸುವುದಿಲ್ಲ. ನಂಜಿನ ಬಣ್ಣವನ್ನು ಅವನ ಸಂಪ್ರದಾಯ ಒಪ್ಪುವುದಿಲ್ಲ. ಆದರೂ ಕುಶಲಕರ್ಮಿಗಳ ವಿವೇಕವೊಂದನ್ನೇ ನಂಬಿ ಕೂರಲಾರದೆ, ಕೇಂದ್ರ ಸರ್ಕಾರವು 2020ರಲ್ಲಿ ಆಟಿಕೆಗಳ ಗುಣನಿಯಂತ್ರಣ ಆದೇಶವನ್ನು ಹೊರಡಿಸಿ, 2021ರ ಜನವರಿ 1ರಿಂದ ಐಎಸ್‌ಐ ಮುದ್ರೆಯಿಲ್ಲದ ಆಟಿಕೆಯನ್ನು ದೇಶದಲ್ಲಿ ಮಾರಕೂಡದೆಂದು ವಿಧಿಸಿತು. ನೋಂದಾಯಿತ ಕುಶಲಕರ್ಮಿಗಳಿಗೂ ಚನ್ನಪಟ್ಟಣದಂತೆ ಭೌಗೋಳಿಕ ಸೂಚಕ ಪಡೆದ ಊರುಗಳ ಸರಕಿಗೂ ವಿನಾಯಿತಿ ದೊರೆತದ್ದು ನ್ಯಾಯವೇ ಸರಿ.

ಇಂದು ಅದೇ ಮಗುವಿನ ಕೈಯಲ್ಲಿ ಮರದ ಗಿಲಕಿಗಿಂತ ಹೆಚ್ಚು ಹೊತ್ತು ನಿಲ್ಲುವ ಆಟಿಕೆ ಮತ್ತೊಂದುಂಟು. ಅದಕ್ಕೆ ಅಂಚು ತೀಡುವವರಿಲ್ಲ, ಮುದ್ರೆ ಒತ್ತುವವರಿಲ್ಲ. ಅದರ ಒಳಗಿನ ಆ್ಯಪನ್ನು ರಚಿಸಿದಾತನಿಗೆ, ಮಗು ಅದನ್ನು ಎಷ್ಟು ಬೇಗ ಕೆಳಗಿಡುತ್ತದೆಯೋ ಅಷ್ಟು ನಷ್ಟ. ಬ್ರಿಟನ್ನಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು ಮುಂದಿನ ವರ್ಷದಿಂದ ಕಡ್ಡಾಯವಾದ ಮಕ್ಕಳ ಸಂಹಿತೆಯೊಂದು, ಹದಿನೈದು ನಿಯಮಗಳ ಮೂಲಕ, ಮಕ್ಕಳು ಬಳಸುವ ಜಾಲಸೇವೆಗಳನ್ನು ರಚಿಸುವಾಗಲೇ ಮಗುವಿನ ಹಿತವನ್ನು ಮುಂದಿಟ್ಟುಕೊಳ್ಳಬೇಕೆಂದು ಕೇಳಿತು. ನಮ್ಮಲ್ಲಿ ಆ ಕೆಲಸ ಇನ್ನೂ ಅರ್ಧ ದಾರಿಯಲ್ಲಿದೆ. ಈ ನಡುವಣ ಕಾಲದಲ್ಲಿ ಮಕ್ಕಳ ಪರವಾಗಿ ನಿಂತು ಮಾತನಾಡತಕ್ಕವರು ಯಾರು ಎಂಬುದು ಪ್ರಶ್ನೆ. ಹದಿನೆಂಟರಿಂದ ಇಪ್ಪತ್ತೈದರೊಳಗಿನ, ಮಗುವಿನ ಲೋಕವನ್ನು ಇನ್ನೂ ಮರೆಯದ, ಹಿರಿಯರ ಲೋಕದ ಬಾಗಿಲನ್ನು ತಟ್ಟಬಲ್ಲ ತರುಣ ತರುಣಿಯರೇ ಆ ಸ್ಥಾನಕ್ಕೆ ಯೋಗ್ಯರೆಂದು ನಮಗೆ ತೋರುತ್ತದೆ.

ಇದಕ್ಕೆ ನಿದರ್ಶನಗಳು ಪ್ರಪಂಚದಲ್ಲಿ ಇಲ್ಲದಿಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದ ತ್ರಿಶಾ ಪ್ರಭು ಎಂಬ ಭಾರತೀಯ ಮೂಲದ ಬಾಲಕಿ, 2013ರಲ್ಲಿ, ಫ್ಲಾರಿಡಾದ ಹುಡುಗಿಯೊಬ್ಬಳು ಜಾಲದ ಹೀಯಾಳಿಕೆಯನ್ನು ತಾಳಲಾರದೆ ಪ್ರಾಣ ಕಳೆದುಕೊಂಡ ಸುದ್ದಿಯನ್ನು ಓದಿ ಕಳವಳಗೊಂಡಾಗ ಅವಳಿಗೆ ಹದಿಮೂರು ವರ್ಷ. ನೊಂದವಳಿಗೆ ಸಮಾಧಾನ ಹೇಳುವ ಮಾರ್ಗಗಳು ಎಷ್ಟೋ ಇದ್ದುವು; ನೋಯಿಸುವ ಕೈಯನ್ನು ಅರೆಕ್ಷಣ ತಡೆಯುವ ಮಾರ್ಗವನ್ನು ಅವಳು ಹುಡುಕಿದಳು. ಕಟುನುಡಿಯೊಂದನ್ನು ಬರೆದು ಕಳುಹಿಸಲು ಹೊರಟಾಗ, ಇದು ಇನ್ನೊಬ್ಬರನ್ನು ನೋಯಿಸೀತು, ಕಳುಹಿಸಲೇಬೇಕೆ ಎಂದು ಕೇಳುವ ರೀಥಿಂಕ್ ಎಂಬ ತಂತ್ರಾಂಶ ಅದರಿಂದ ಹುಟ್ಟಿತು. ಅವಳು ನಡೆಸಿದ ಪ್ರಯೋಗದಲ್ಲಿ ಶೇಕಡಾ 90ಕ್ಕೂ ಹೆಚ್ಚು ಸಲ ಹದಿವಯಸ್ಸಿನವರು ಮನಸ್ಸು ಬದಲಾಯಿಸಿದರಂತೆ. ಶಾಲಾಬಾಲಕಿಯ ಪ್ರಯೋಗದ ಅಂಕಿಗಳನ್ನು ಲೋಕಕ್ಕೆಲ್ಲ ಅನ್ವಯಿಸುವ ಆತುರ ನಮಗಿಲ್ಲ. ಆದರೆ ಕೆಡುಕಿನ ಮೂಲ ಕೆಟ್ಟವರ ಕ್ರೌರ್ಯದಲ್ಲಿ ಮಾತ್ರವೇ ಇರದೆ, ಸಾಧಾರಣ ಹುಡುಗರ ಅವಸರದಲ್ಲಿಯೂ ಇದೆ ಎಂಬುದನ್ನು ಆ ವಯಸ್ಸಿನವಳೇ ಕಂಡುಕೊಳ್ಳಬೇಕಾಯಿತು ಎಂಬುದು ಗಮನಾರ್ಹ. ಅಲಬಾಮಾದ ಎಮ್ಮಾ ಲೆಂಬ್ಕೆ ಎಂಬ ಮತ್ತೊಬ್ಬ ತರುಣಿ ಲಾಗ್ ಆಫ್ ಎಂಬ ಯುವಚಳವಳಿಯನ್ನು ಹೂಡಿ, 2023ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿಯ ಮುಂದೆ ನಿಂತು ತನ್ನ ತಲೆಮಾರಿನ ಪರವಾಗಿ ಸಾಕ್ಷ್ಯ ನುಡಿದಳು.

ಇವರು ದೂರದವರಾಯಿತು. ಆದರೆ ಮಕ್ಕಳೇ ಮಕ್ಕಳ ಪರವಾಗಿ ವಾದಿಸುವುದು ಕನ್ನಡನಾಡಿಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘವು 1990ರಲ್ಲಿಯೇ ಕರ್ನಾಟಕದಲ್ಲಿ ತಲೆಯೆತ್ತಿತ್ತು. 1996ರ ಕೊನೆಯಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ನಮ್ಮ ಕುಂದಾಪುರದಲ್ಲಿ ಸಭೆ ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಒಪ್ಪಿದರು. ತಮ್ಮ ಸಮಸ್ಯೆಗಳನ್ನೂ ತಮ್ಮ ಸಲಹೆಗಳನ್ನೂ ಲೋಕವು ಮನ್ನಿಸಬೇಕೆಂಬುದು ಅದರ ಮೊದಲ ಬೇಡಿಕೆಯಾಗಿದ್ದಿತು. ಕಾಲು ಶತಮಾನ ಕಳೆದ ಮೇಲೆ, 2021ರಲ್ಲಿ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು ಡಿಜಿಟಲ್ ಪರಿಸರದಲ್ಲಿ ಮಕ್ಕಳ ಹಕ್ಕುಗಳನ್ನು ಕುರಿತ ತನ್ನ 25ನೆಯ ಸಾಮಾನ್ಯ ವಿವರಣೆಯನ್ನು ಬರೆಯುವಾಗ 28 ದೇಶಗಳ 700ಕ್ಕೂ ಹೆಚ್ಚು ಎಳೆಯರನ್ನು ಕೇಳಿಕೊಂಡೇ ಬರೆಯಿತು. ಕುಂದಾಪುರದ ಮಕ್ಕಳು ಕೇಳಿದ್ದೂ ಅದನ್ನೇ.

ಇನ್ನು ಮೊದಲು ಹೇಳಿದ ಚನ್ನಪಟ್ಟಣದ ಸೀಮೆಯ ಮಾತಿಗೆ ಬರೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು 2007ರ ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂದಿತು. ಹೆಸರು ಏನೇ ಇರಲಿ, ರೇಷ್ಮೆ ಈ ಸೀಮೆಯ ಉಸಿರು. ಆ ರೇಷ್ಮೆಯ ಚರಿತ್ರೆಯಲ್ಲಿ ನಾವು ಓದಲು ಇಷ್ಟಪಡದ ಪುಟವೊಂದಿದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ನೂಲು ಬಿಚ್ಚಾಣಿಕೆಯ ಹಾಗೂ ಹುರಿ ಮಾಡುವ ಘಟಕಗಳ ವರ್ಣನೆಯಿದೆ: ಕುದಿಯುವ ನೀರಿನ ಬಾನಿಯಲ್ಲಿ ಗೂಡುಗಳನ್ನು ತಡವಿ ಎಳೆ ಹಿಡಿಯುವ ಎಳೆಯ ಕೈಗಳು, ಬೆಂದ ಹುಳುವಿನ ವಾಸನೆ, ತಂದೆತಾಯಿಗಳು ಪಡೆದ ಮುಂಗಡ ಹಣ ತೀರುವವರೆಗೆ ತೀರದ ದುಡಿಮೆ. ಅದು ಗುಟ್ಟಾಗಿರಲಿಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ಗೊತ್ತಿದ್ದುದೇ. ಮನೆಯ ಕಷ್ಟ, ಮನೆಯ ವಿಚಾರ ಎಂದು ಎಲ್ಲರೂ ಮುಖ ತಿರುಗಿಸಿದ್ದುದೇ. ಮನೆಯೊಳಗಿನ ವಿಷಯವೆಂದು ಎಣಿಸಿದ್ದು ಊರಿನ ವಿಷಯವಾಗುವುದಕ್ಕೆ ಅನೇಕ ವರ್ಷಗಳ ಕಾಲ ಅನೇಕರು, ಅವರಲ್ಲಿ ಆ ದುಡಿಮೆಯಿಂದ ಹೊರಬಂದ ಮಕ್ಕಳೂ ಸೇರಿ, ಬಾಯಿ ಬಿಡಬೇಕಾಯಿತು. ಮಕ್ಕಳ ಕೈಗೆ ಬಂದ ಫೋನಿನ ಕಥೆ ಇಂದು ಹೆಚ್ಚುಕಡಿಮೆ ಅದೇ ಮೊದಲ ಹಂತದಲ್ಲಿ ನಿಂತಿದೆ.

ಫೋನು ಬಂದ ಬಗೆಯನ್ನು ನೆನೆಯಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ಸೋಂಕಿನ ದೆಸೆಯಿಂದ ಶಾಲೆಗಳು ಮುಚ್ಚಿದುವು. ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರವು ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಕೂಡದೆಂದಿತು; ಜುಲೈ 8ರಂದು ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು; ಆಗಸ್ಟಿನಲ್ಲಿ ಮೇಷ್ಟ್ರುಗಳು ಜಗುಲಿಗಳಿಗೂ ಮರದಡಿಗೂ ಬಂದು ಪಾಠ ಹೇಳುವ ವಿದ್ಯಾಗಮ ಮೊದಲಾಗಿ, ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ನಿಂತಿತು. ಈ ತೂಗುಯ್ಯಾಲೆಯ ನಡುವೆ ತಂದೆತಾಯಂದಿರು ಸಾಲಸೋಲ ಮಾಡಿ ಕೊಂಡ ಫೋನು, ಶಾಲೆ ತೆರೆದ ಮೇಲೆಯೂ ಮನೆಯಲ್ಲಿ ಉಳಿಯಿತು. ಉಳಿಯದೆ ಏನು ಮಾಡೀತು? ಗೂಡಿನ ಮಾರುಕಟ್ಟೆಯ ಹರಾಜು, ಬ್ಯಾಂಕಿನ ಹಣ, ಪಡಿತರ, ಗೃಹಲಕ್ಷ್ಮಿಯ ಕಂತು, ಎಲ್ಲವೂ ಈಗ ಅದರೊಳಗಿನವೇ.

ಇಲ್ಲಿ ಕಾನೂನಿನ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದೇ ಗಣಿಸಿ, ಅವರ ಮಾಹಿತಿಯನ್ನು ಬಳಸುವ ಮುನ್ನ ತಂದೆತಾಯಿಗಳ ದೃಢೀಕೃತ ಸಮ್ಮತಿ ಬೇಕೆಂದೂ, ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸಕೂಡದೆಂದೂ ವಿಧಿಸುತ್ತದೆ. ಉದ್ದೇಶ ಸ್ತುತ್ಯರ್ಹವೇ. ಆದರೆ ಮಾಗಡಿಯ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ: ತಾಯಿಯ ಫೋನಿಗೆ ಬೀಗದ ಗೆರೆ ಎಳೆದುಕೊಟ್ಟವನು ಮಗ, ಅವಳ ಹೆಸರಿನಲ್ಲಿ ಇ-ಮೇಲ್ ತೆರೆದವಳು ಮಗಳು, ಬಂದ ಓಟಿಪಿಯನ್ನು ಓದಿ ಹೇಳುವವರೂ ಅವರೇ. ಮಗುವಿಗೆ ಸಮ್ಮತಿ ಕೊಡಬೇಕಾದ ತಾಯಿಯ ಪರವಾಗಿ ಆ ಸಮ್ಮತಿಯನ್ನು ಒತ್ತುವ ಬೆರಳು ಮಗುವಿನದೇ ಆದರೆ, ಕಾನೂನು ಯಾರನ್ನು ಕೇಳಿದಂತಾಯಿತು?

ಹಾಗಾದರೆ ಈ ಊರುಗಳಲ್ಲಿ ಮಕ್ಕಳ ಪರವಾಗಿ ನಿಲ್ಲಬಯಸುವ ತರುಣಿಯೊಬ್ಬಳು ಮಾಡಬೇಕಾದದ್ದೇನು? ಕನಕಪುರದ ಕಾಲೇಜಿನಲ್ಲಿ ಪದವಿ ಓದುತ್ತಿರುವವಳೊಬ್ಬಳು ಭಾನುವಾರ ತನ್ನ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಕಥೆಪುಸ್ತಕ ಕೊಡುತ್ತ ಕುಳಿತಿದ್ದಾಳೆ ಎಂದಿಟ್ಟುಕೊಳ್ಳೋಣ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಉಳಿದವರೆಲ್ಲ ಹೋಗುವವರೆಗೆ ಕಾದು, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತು, ‘ಅಕ್ಕ, ಒಂದ್ ವಿಷ್ಯ. ಮನೇಲಿ ಹೇಳ್ಬೇಡಿ. ಅಪ್ಪಂಗೆ ಗೊತ್ತಾದ್ರೆ ಫೋನ್ ಕಿತ್ಕೊಂಡು ಸ್ಕೂಲೂ ಬಿಡಿಸ್ಬಿಡ್ತಾರೆ’ ಎನ್ನುತ್ತಾಳೆ. ಆಟದ ಆ್ಯಪಿನಲ್ಲಿ ಪರಿಚಯವಾದ ಯಾವನೋ ಫೋಟೋ ಕೇಳಿದ, ಒಂದನ್ನು ಕಳಿಸಿದಳು, ಇನ್ನೊಂದನ್ನು ಕಳಿಸದಿದ್ದರೆ ಮೊದಲನೆಯದನ್ನು ಊರಿಗೆಲ್ಲ ಹಂಚುವೆನೆಂದು ಈಗ ಹೆದರಿಸುತ್ತಿದ್ದಾನೆ.

ಆ ಹುಡುಗಿಯ ಮಾತಿನಲ್ಲಿ ಅಪರಾಧಿಗಿಂತ ಮೊದಲು ಅಪ್ಪನ ಭಯ ಬಂದುದನ್ನು ಗಮನಿಸಬೇಕು. ದುರುಳನ ಬಲವೆಲ್ಲ ಇರುವುದು ಅಲ್ಲಿಯೇ: ಮಗುವಿಗೆ ಶಿಕ್ಷೆಯಾಗುವುದು ಮನೆಯಲ್ಲಿ ಎಂಬುದನ್ನು ಅವನು ಬಲ್ಲ. ಆದ್ದರಿಂದ ನಮ್ಮ ತರುಣಿಯ ಮೊದಲ ಕರ್ತವ್ಯ ಯಾಕೆ ಕಳಿಸಿದೆ ಎಂಬ ಪ್ರಶ್ನೆಯನ್ನು ನುಂಗಿಕೊಳ್ಳುವುದು. ಎರಡನೆಯದು ಇನ್ನೂ ಕಠಿಣ. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಅವಳು ಕೊಡುವಂತಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನ ಮೇರೆಗೆ ಆರು ತಿಂಗಳವರೆಗೆ ಸೆರೆವಾಸ. ಮುಚ್ಚಿಟ್ಟವನು ಸ್ವತಃ ಮಗುವಾಗಿದ್ದರೆ ಮಾತ್ರ ಈ ಶಿಕ್ಷೆ ತಗಲದು. ಆದಕಾರಣ, ನಿನ್ನನ್ನು ಕೇಳದೆ ಮನೆಗೆ ಓಡುವುದಿಲ್ಲ, ಆದರೆ ಇದನ್ನು ನಾವಿಬ್ಬರೇ ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ, ಯಾರಿಗೆ ಮೊದಲು ಹೇಳೋಣ ಎಂದು ನೀನೇ ಹೇಳು, ಎಂದು ನಿಧಾನವಾಗಿ ನುಡಿಯಬಲ್ಲವಳೇ ನಿಜವಾದ ಅಕ್ಕ. ಚಿಕ್ಕಮ್ಮನಿರಬಹುದು, ಅಂಗನವಾಡಿಯ ಕಾರ್ಯಕರ್ತೆಯಿರಬಹುದು, ಶಾಲೆಯ ಮಿಸ್ ಇರಬಹುದು; ಒಬ್ಬರಂತೂ ಇರುತ್ತಾರೆ.

ಆಮೇಲಿನದು ಕೈಕೆಲಸ. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಅವನ ಖಾತೆಯ ಹೆಸರು, ಸಂಖ್ಯೆ, ದಿನಾಂಕಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಹಣವನ್ನಾಗಲಿ ಮತ್ತೊಂದು ಚಿತ್ರವನ್ನಾಗಲಿ ಕಳಿಸಕೂಡದು. ಆ ಮೊದಲ ಚಿತ್ರವನ್ನು ಮಾತ್ರ, ಸಾಕ್ಷ್ಯಕ್ಕೆಂಬ ಸದುದ್ದೇಶದಿಂದಲೂ, ಅಕ್ಕ ತನ್ನ ಫೋನಿಗೆ ಹಾಕಿಕೊಳ್ಳಲಾಗದು, ಇನ್ನೊಬ್ಬರಿಗೆ ಕಳಿಸಲಾಗದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿ ಅದು ಐದು ವರ್ಷಗಳವರೆಗೆ ಸೆರೆ ಹಾಗೂ ಹತ್ತು ಲಕ್ಷದವರೆಗೆ ದಂಡವುಳ್ಳ ಅಪರಾಧ. ಈ ಕಲಮು ಎಷ್ಟು ಎಚ್ಚರಿಕೆಯಿಂದ ಓದಬೇಕಾದದ್ದೆಂದರೆ, 2024ರ ಜುಲೈನಲ್ಲಿ ನಮ್ಮ ಹೈಕೋರ್ಟೇ ಇಂಥ ಚಿತ್ರ ನೋಡಿದುದು ಅಪರಾಧವಾಗದೆಂದು ಪ್ರಕರಣವೊಂದನ್ನು ರದ್ದುಪಡಿಸಿ, ಕೆಲವೇ ದಿನಗಳಲ್ಲಿ, ಅದೇ ಕಲಮಿನ ಒಂದು ಉಪಭಾಗ ಗಮನಕ್ಕೆ ಬಾರದೆ ಹೋಯಿತೆಂದು ಆ ಆದೇಶವನ್ನು ಹಿಂಪಡೆಯಿತು. ತಪ್ಪನ್ನು ತಾನೇ ತಿದ್ದಿಕೊಂಡ ನ್ಯಾಯಪೀಠದ ದೊಡ್ಡತನಕ್ಕೆ ನಮಸ್ಕಾರ. ಮರುವರ್ಷ ಕಾಯುವ ಪ್ರಮೇಯವೂ ಬರಲಿಲ್ಲ. ಅದೇ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಇಂಥ ಸಾಮಗ್ರಿಯನ್ನು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧವೆಂದು ವಿಶದವಾಗಿ ಬರೆಯಿತು.

ದೂರು ಕೊಡುವ ಸ್ಥಳಗಳು: ಮಕ್ಕಳ ಸಹಾಯವಾಣಿ 1098, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣ, ಅಥವಾ ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ. ಠಾಣೆಯೆಂದೊಡನೆ ತಂದೆತಾಯಿಗಳ ಎದೆ ನಡುಗುವುದು ಸಹಜ. ಅಲ್ಲಿಯೇ ಪೋಕ್ಸೊ ಕಾಯಿದೆಯ 24ನೆಯ ಕಲಮನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳತಕ್ಕದ್ದು: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಒಪ್ಪುವ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಬಂದು ಬರೆದುಕೊಳ್ಳಬೇಕು, ಯಾವ ಕಾರಣಕ್ಕೂ ಮಗುವನ್ನು ರಾತ್ರಿಯ ಹೊತ್ತು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಅದರ ಹೆಸರನ್ನಾಗಲಿ ಶಾಲೆಯನ್ನಾಗಲಿ ಪತ್ರಿಕೆಗಳು ಬಯಲುಮಾಡುವಂತಿಲ್ಲ.

ಹರಡುವ ಚಿತ್ರವನ್ನು ತಡೆಯುವ ಉಪಾಯವೂ ಒಂದುಂಟು. ಅಮೆರಿಕದ ವರ್ಜೀನಿಯಾದಲ್ಲಿ ಕಾಣೆಯಾದ ಹಾಗೂ ಶೋಷಿತ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಕೇಂದ್ರವು 2023ರ ಫೆಬ್ರವರಿಯಲ್ಲಿ ಟೇಕ್ ಇಟ್ ಡೌನ್ ಎಂಬ ಸೇವೆಯನ್ನು ಆರಂಭಿಸಿತು. ಇಲ್ಲಿ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನೊಳಗೆಯೇ ಆ ಚಿತ್ರದಿಂದ ಒಂದು ಉದ್ದನೆಯ ಅಂಕಿಯನ್ನು, ಬೆರಳಚ್ಚಿನಂಥದನ್ನು, ಗಣಿಸಿ ಅದನ್ನು ಮಾತ್ರ ಕಳಿಸಲಾಗುತ್ತದೆ. ಅಂಕಿಯಿಂದ ಚಿತ್ರವನ್ನು ಮರಳಿ ಬಿಡಿಸಲಾಗದು. ಆದರೆ ಅದೇ ಚಿತ್ರ ಸಹಕರಿಸುವ ಕಂಪನಿಗಳ ತಾಣಗಳಿಗೆ ಬಂದಾಗ ಅಂಕಿ ತಾಳೆಯಾಗಿ ಸಿಕ್ಕಿಬೀಳುತ್ತದೆ. ಇದಕ್ಕೆ ಅಡಿಪಾಯ ಹಾಕಿದುದು 2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೂ ಹ್ಯಾನಿ ಫರೀದ್ ಎಂಬ ಪ್ರಾಧ್ಯಾಪಕರೂ ಕೂಡಿ ರೂಪಿಸಿದ ಫೋಟೋ ಡಿಎನ್‌ಎ. ಇಬ್ಬರೇ ಓದಬಲ್ಲ ಗೂಢಲಿಪಿಯ ಸಂದೇಶಗಳೊಳಕ್ಕೆ ಮಾತ್ರ ಈ ಉಪಾಯದ ಕೈ ಚಾಚದು. ಅಮೆರಿಕದ ಕಂಪನಿಗಳು ಇಂಥ ಚಿತ್ರ ಕಂಡೊಡನೆ ಅದೇ ಕೇಂದ್ರಕ್ಕೆ ವರದಿ ಮಾಡಬೇಕೆಂಬುದು ಅಲ್ಲಿಯ ಕಾನೂನು; 2019ರ ಒಪ್ಪಂದದಂತೆ ಭಾರತಕ್ಕೆ ಸಂಬಂಧಿಸಿದ ವರದಿಗಳು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಗೆ ಬಂದು, ಅಲ್ಲಿಂದ ರಾಜ್ಯಗಳ ಪೊಲೀಸರಿಗೆ ಇಳಿಯುತ್ತವೆ. ಹಾರೋಹಳ್ಳಿಯ ಹುಡುಗನೊಬ್ಬ ತಮಾಷೆಗೆಂದು ಗೆಳೆಯರ ಗುಂಪಿಗೆ ದಾಟಿಸಿದ ಚಿತ್ರವೊಂದು ವರ್ಜೀನಿಯಾವನ್ನು ಸುತ್ತಿಕೊಂಡು ಅವನ ಮನೆಯ ಬಾಗಿಲಿಗೆ ಬಂದೀತು ಎಂಬುದನ್ನು ಹುಡುಗರಿಗೆ ತಿಳಿಹೇಳುವುದು ಹುಡುಗಿಯರಿಗೆ ಎಚ್ಚರಿಕೆ ಹೇಳುವುದಕ್ಕಿಂತ ಅಗತ್ಯ. ನಮ್ಮ ಜಾಗೃತಿ ಭಾಷಣಗಳು ಬಹುಮಟ್ಟಿಗೆ ತಲೆಕೆಳಗಾಗಿರುವುದು ಇಲ್ಲಿಯೇ.

ಭಾಷಣಗಳ ಮಾತು ಬಂತು. ಮಕ್ಕಳ ರಕ್ಷಣೆಯೆಂದರೆ ಹೆದರಿಸುವುದು ಎಂಬ ಭ್ರಮೆಗೆ ಕರ್ನಾಟಕ ಬಲು ದೊಡ್ಡ ಬೆಲೆ ತೆತ್ತಿದೆ. 2018ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ತರುಣನೊಬ್ಬನನ್ನು, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತಂತ್ರಜ್ಞನೊಬ್ಬನನ್ನು, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪುಗಳು ಹೊಡೆದು ಕೊಂದುವು. ಬೀದರಿನಲ್ಲಿ ಆ ತಂತ್ರಜ್ಞನೂ ಅವನ ಜೊತೆಗಿದ್ದ ಗೆಳೆಯರೂ ಮಾಡಿದ್ದ ಅಪರಾಧ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು. ಆ ದಿನಗಳಲ್ಲಿ ದೇಶವೆಲ್ಲ ಹರಿದಾಡಿದ ವಿಡಿಯೋದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ರೋಷನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ ತಯಾರಿಸಿದ ಮಕ್ಕಳ ಸುರಕ್ಷತೆಯ ಜಾಗೃತಿ ಚಿತ್ರ. ಮಗುವನ್ನು ಮರಳಿ ತಂದಿಳಿಸಿ ಫಲಕ ಹಿಡಿದು ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು, ಅಷ್ಟೇ. ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ವಾಟ್ಸಾಪ್ ಮಿತಿ ಹಾಕಿದುದು ಈ ಕೊಲೆಗಳ ತರುವಾಯ. ಮಕ್ಕಳ ಹೆಸರಿನಲ್ಲಿ ಬಂದ ಪ್ರತಿಯೊಂದು ಎಚ್ಚರಿಕೆಯನ್ನೂ ಮುಂದಕ್ಕೆ ತಳ್ಳುವ ಮೊದಲು ಅದರ ಮೂಲವನ್ನು ವಿಚಾರಿಸಲಾರದವಳು, ಅವಳ ಹೃದಯ ಎಷ್ಟೇ ಮೃದುವಾಗಿರಲಿ, ಮಕ್ಕಳ ವಕೀಲಿಕೆಗೆ ಕೈಹಾಕಬಾರದು.

ನಿಷೇಧವೇ ಮದ್ದು ಎನ್ನುವವರೂ ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು, ಶಾಲೆಗೆ ಹೋಗುವ ಮಕ್ಕಳಿಗೆ ಸಾಮಾಜಿಕ ಜಾಲತಾಣವೇ ಬೇಡ, ಇಪ್ಪತ್ತೊಂದರ ವಯೋಮಿತಿ ಇಟ್ಟರೂ ಆದೀತು ಎಂಬರ್ಥದ ಮಾತನ್ನು ವಿಚಾರಣೆಯ ನಡುವೆ ಆಡಿತು. ಆಸ್ಟ್ರೇಲಿಯವು 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರಿಗೆ ಖಾತೆಗಳನ್ನು ತಡೆಯಿತು. ಕಂಪನಿಗಳ ಕೈ ಕಟ್ಟುವ ಮಟ್ಟಿಗೆ ಅದು ಒಳ್ಳೆಯದೇ ಇರಬಹುದು. ಆದರೆ ಅಮ್ಮನ ಫೋನಿನಲ್ಲಿ, ಅಮ್ಮನ ಹೆಸರಿನ ಖಾತೆಯಲ್ಲಿ ಓಡಾಡುವ ಮಗುವಿಗೆ ಈ ಬೇಲಿ ತಾಗುವುದೇ ಇಲ್ಲ. ತಾಗಿದರೂ, ನಿಷಿದ್ಧ ಸ್ಥಳದಲ್ಲಿ ಪೆಟ್ಟು ತಿಂದವನು ಪೆಟ್ಟನ್ನು ತೋರಿಸಲು ಇನ್ನಷ್ಟು ಹಿಂಜರಿದಾನು ಎಂಬುದು ನಮ್ಮ ಶಂಕೆ.

ಮಾತನಾಡಲು ವೇದಿಕೆ ಎಲ್ಲಿದೆ ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2006ರಿಂದೀಚೆಗೆ ವರ್ಷಕ್ಕೊಮ್ಮೆ, ಬಹುಮಟ್ಟಿಗೆ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ಮಕ್ಕಳ ಗ್ರಾಮಸಭೆ ನಡೆಯತಕ್ಕದ್ದೆಂಬ ವ್ಯವಸ್ಥೆಯಿದೆ. ಅಲ್ಲಿ ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಹೊತ್ತಿಗೆ ಬಾರದು, ಶಾಲೆಗೆ ಕಾಂಪೌಂಡಿಲ್ಲ ಎಂಬ ಅಹವಾಲುಗಳು ಏಳುತ್ತವೆ. ಅಧ್ಯಕ್ಷರೂ ಪಿಡಿಓ ಅವರೂ ಉತ್ತರ ಕೊಡುತ್ತಾರೆ, ಕೆಲವೊಮ್ಮೆ ನೀರೂ ಬರುತ್ತದೆ. ಫೋನಿನ ವಿಷಯ ಅಲ್ಲಿ ಏಳದಿರುವುದಕ್ಕೆ ಕಾರಣ, ಅದು ಪಂಚಾಯಿತಿಯ ಬಾಬತ್ತೆಂದು ಮಕ್ಕಳಿಗೂ ಹಿರಿಯರಿಗೂ ಇನ್ನೂ ತೋಚದಿರುವುದು. ನಮ್ಮ ಕನಕಪುರದ ತರುಣಿ ತನ್ನ ಭಾನುವಾರದ ಮಕ್ಕಳ ಜೊತೆ ಕುಳಿತು, ಅವರವರ ಮಾತಿನಲ್ಲಿಯೇ, ಎರಡು ಮೂರು ಪ್ರಶ್ನೆಗಳನ್ನು ಬರೆಸಿಕೊಡಬಹುದು. ಅರಿವು ಕೇಂದ್ರದ ಗೋಡೆಯ ಮೇಲೆ 1098 ಎಂಬ ಅಂಕಿ ಯಾಕೆ ಬರೆದಿಲ್ಲ? ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಯಲ್ಲಿ ಯಾರಿದ್ದಾರೆ, ಅವರಲ್ಲಿ ಫೋನಿನ ತೊಂದರೆಯನ್ನು ಹೇಳಿಕೊಂಡರೆ ಬೈಯದೆ ಕೇಳುವವರು ಯಾರು? ಸೆನ್ ಠಾಣೆಯವರು ಅಪ್ಪಂದಿರಿಗೆ ಒಂದು ಸಂಜೆ ಬಂದು ತಿಳಿಸಿ ಹೇಳುತ್ತಾರೆಯೆ? ಇವು ನಡವಳಿ ಪುಸ್ತಕದಲ್ಲಿ ಒಮ್ಮೆ ದಾಖಲಾದರೆ, ಮುಂದಿನ ವರ್ಷದ ಸಭೆಯಲ್ಲಿ ಕೈಗೊಂಡ ಕ್ರಮದ ವರದಿಯನ್ನು ಪಿಡಿಓ ಅವರು ಅದೇ ಮಕ್ಕಳ ಮುಂದೆ ಎದ್ದು ನಿಂತು ಓದಬೇಕಾಗುತ್ತದೆ.